ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಐಸ್‌ಲ್ಯಾಂಡ್ ಫುಟ್‌ಬಾಲ್ ತಂಡ

ಐಸ್‌ಲ್ಯಾಂಡ್ ರಾಷ್ಟ್ರೀಯ ಪುರುಷರ ಫುಟ್‌ಬಾಲ್ ತಂಡವು ಯುರೋಪ್ ಖಂಡದ ಅತ್ಯುನ್ನತ ಫುಟ್‌ಬಾಲ್ ಪಂದ್ಯಾವಳಿಯಾದ ಯುರೋಪಿಯನ್ ಚಾಂಪಿಯನ್‌ಶಿಪ್‌ನ (ಸಂಕ್ಷಿಪ್ತವಾಗಿ 'ಯುರೋ') ಅಂತಿಮ ಹಂತದಲ್ಲಿ 2024ರ ಆವೃತ್ತಿಯವರೆಗೆ ಒಂದೇ ಒಂದು ಬಾರಿ ಆಡಿದೆ. ಫ್ರಾನ್ಸ್‌ನಲ್ಲಿ ನಡೆದ 2016ರ ಆ ಪಂದ್ಯಾವಳಿಯಲ್ಲಿ ತಂಡವು ಇಂಗ್ಲೆಂಡ್ ತಂಡವನ್ನು ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿತು. ಆಗ ಸುಮಾರು 3.3 ಲಕ್ಷ ಜನಸಂಖ್ಯೆ ಹೊಂದಿದ್ದ ಐಸ್‌ಲ್ಯಾಂಡ್, ಯುರೋ ಅಂತಿಮ ಹಂತಕ್ಕೆ ಅರ್ಹತೆ ಪಡೆದ ಅತ್ಯಂತ ಕಡಿಮೆ ಜನಸಂಖ್ಯೆಯ ರಾಷ್ಟ್ರವಾಗಿದೆ.

ಐಸ್‌ಲ್ಯಾಂಡ್ ಮೊದಲು ಈ ಸ್ಪರ್ಧೆಯನ್ನು ಪ್ರವೇಶಿಸಿದ್ದು 1964ರ ಆವೃತ್ತಿಯ ಅರ್ಹತಾ ಸುತ್ತಿನಲ್ಲಿ. ಅಲ್ಲಿಂದ 2012ರ ಆವೃತ್ತಿಯವರೆಗೆ ತಂಡವು ಹನ್ನೊಂದು ಬಾರಿ ಅರ್ಹತಾ ಸುತ್ತಿನಲ್ಲಿ ಆಡಿ, ಹನ್ನೊಂದು ಬಾರಿಯೂ ಹೊರಬಿದ್ದಿತು. ಈ ಅವಧಿಯ 86 ಪಂದ್ಯಗಳಲ್ಲಿ ಅದು ಗೆದ್ದದ್ದು 18 ಮಾತ್ರ. ಹನ್ನೆರಡನೆಯ ಪ್ರಯತ್ನದಲ್ಲಿ ಯಶಸ್ಸು ದೊರೆಯಿತು. ನಂತರದ 2020 ಮತ್ತು 2024ರ ಆವೃತ್ತಿಗಳಲ್ಲಿ ತಂಡವು ಪ್ಲೇ-ಆಫ್‌ನ ಕೊನೆಯ ಪಂದ್ಯದಲ್ಲಿ ಸೋತು ಅವಕಾಶ ಕಳೆದುಕೊಂಡಿತು.

ಹಿನ್ನೆಲೆ

ಉತ್ತರ ಅಟ್ಲಾಂಟಿಕ್ ಸಾಗರದಲ್ಲಿರುವ ದ್ವೀಪರಾಷ್ಟ್ರ ಐಸ್‌ಲ್ಯಾಂಡ್ 1944ರಲ್ಲಿ ಡೆನ್ಮಾರ್ಕ್‌ನಿಂದ ಬೇರ್ಪಟ್ಟು ಗಣರಾಜ್ಯವಾಯಿತು. ಎರಡು ವರ್ಷಗಳ ನಂತರ, 1946ರ ಜುಲೈ 17ರಂದು, ರಾಜಧಾನಿ ರೇಕ್ಯಾವಿಕ್‌ನಲ್ಲಿ ಡೆನ್ಮಾರ್ಕ್ ವಿರುದ್ಧವೇ ತನ್ನ ಮೊದಲ ಅಂತಾರಾಷ್ಟ್ರೀಯ ಪಂದ್ಯವನ್ನು ಆಡಿ 0–3ರಿಂದ ಸೋತಿತು. ದೇಶದ ಫುಟ್‌ಬಾಲ್ ಸಂಸ್ಥೆ 1947ರಲ್ಲಿ ಸ್ಥಾಪನೆಯಾಗಿ ಅದೇ ವರ್ಷ ಫಿಫಾ ಸದಸ್ಯತ್ವ ಪಡೆಯಿತು. 1954ರಲ್ಲಿ ಅದು ಯುರೋಪಿನ ಫುಟ್‌ಬಾಲ್ ಸಂಘಗಳ ಒಕ್ಕೂಟವಾದ ಯುಇಎಫ್‌ಎಯ ಸದಸ್ಯನಾಯಿತು. 1967ರ ಆಗಸ್ಟ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ನಡೆದ ಸೌಹಾರ್ದ ಪಂದ್ಯದಲ್ಲಿ ಡೆನ್ಮಾರ್ಕ್ ಎದುರು ಅನುಭವಿಸಿದ 2–14ರ ಸೋಲು ತಂಡದ ಇತಿಹಾಸದ ಅತಿದೊಡ್ಡ ಸೋಲಾಗಿ ಉಳಿದಿದೆ.

ದೇಶದ ಹವಾಮಾನವು ಫುಟ್‌ಬಾಲ್‌ಗೆ ಬಹುಕಾಲ ಅಡ್ಡಿಯಾಗಿತ್ತು. ಚಳಿಗಾಲದಲ್ಲಿ ದಿನದ ಕೆಲವೇ ಗಂಟೆಗಳು ಬೆಳಕಿರುತ್ತದೆ. ಗಾಳಿ ಮತ್ತು ಹಿಮದಿಂದಾಗಿ ಬಯಲು ಮೈದಾನದಲ್ಲಿ ಹುಲ್ಲಿನ ಮೇಲೆ ಆಡುವುದು ಸಾಧ್ಯವಿರುವುದಿಲ್ಲ. ಆದ್ದರಿಂದ ದೇಶೀಯ ಲೀಗ್ ವಸಂತಕಾಲದ ಕೊನೆಯಿಂದ ಶರತ್ಕಾಲದ ಆರಂಭದವರೆಗೆ ಮಾತ್ರ ನಡೆಯುತ್ತಿತ್ತು.

ಐಸ್‌ಲ್ಯಾಂಡಿನ ಆಟಗಾರರ ಹೆಸರುಗಳ ಬಗ್ಗೆ ಒಂದು ವಿಷಯವನ್ನು ಗಮನಿಸಬೇಕು. ಅಲ್ಲಿ ಸಾಮಾನ್ಯವಾಗಿ ಮನೆತನದ ಹೆಸರಿನ ಬದಲು ತಂದೆಯ ಹೆಸರಿಗೆ 'ಮಗ' ಎಂಬ ಅರ್ಥದ 'ಸನ್' ಸೇರಿಸಿ ಎರಡನೆಯ ಹೆಸರನ್ನು ರೂಪಿಸಲಾಗುತ್ತದೆ. ಹೀಗಾಗಿ 2016ರ ತಂಡದಲ್ಲಿದ್ದ ಗಿಲ್ವಿ ಸಿಗುರ್ಡ್‌ಸನ್ ಮತ್ತು ರಾಗ್ನಾರ್ ಸಿಗುರ್ಡ್‌ಸನ್ ಸಹೋದರರಲ್ಲ. ಇಬ್ಬರ ತಂದೆಯರ ಹೆಸರು ಒಂದೇ ಆಗಿತ್ತು.

ಅರ್ಹತಾ ಸುತ್ತುಗಳ ಇತಿಹಾಸ

1964ರಿಂದ 1984ರವರೆಗೆ

1960ರ ಮೊದಲ ಆವೃತ್ತಿಯಲ್ಲಿ ಐಸ್‌ಲ್ಯಾಂಡ್ ಭಾಗವಹಿಸಲಿಲ್ಲ. 1964ರ ಆವೃತ್ತಿಯು ಆರಂಭದಿಂದಲೇ ನಾಕೌಟ್ ಮಾದರಿಯಲ್ಲಿತ್ತು. 1962ರಲ್ಲಿ ಐರ್ಲೆಂಡ್ ಗಣರಾಜ್ಯದ ವಿರುದ್ಧ ಡಬ್ಲಿನ್‌ನಲ್ಲಿ 2–4ರಿಂದ ಸೋತ ತಂಡವು ರೇಕ್ಯಾವಿಕ್‌ನಲ್ಲಿ 1–1ರ ಡ್ರಾ ಸಾಧಿಸಿ, ಒಟ್ಟು 3–5ರ ಅಂತರದಿಂದ ಹೊರಬಿದ್ದಿತು. 1968 ಮತ್ತು 1972ರ ಆವೃತ್ತಿಗಳಿಗೆ ತಂಡವು ಪ್ರವೇಶಿಸಲಿಲ್ಲ.

1976ರ ಆವೃತ್ತಿಯಲ್ಲಿ ಬೆಲ್ಜಿಯಂ, ಪೂರ್ವ ಜರ್ಮನಿ ಮತ್ತು ಫ್ರಾನ್ಸ್ ಇದ್ದ ಗುಂಪಿನಲ್ಲಿ ಐಸ್‌ಲ್ಯಾಂಡ್ ಕೊನೆಯ ಸ್ಥಾನ ಪಡೆಯಿತಾದರೂ ಗಮನಾರ್ಹ ಫಲಿತಾಂಶಗಳನ್ನು ದಾಖಲಿಸಿತು. 1975ರ ಮೇ ತಿಂಗಳಲ್ಲಿ ಫ್ರಾನ್ಸ್ ವಿರುದ್ಧ 0–0ರ ಡ್ರಾ ಮಾಡಿಕೊಂಡು, ಜೂನ್ 5ರಂದು ಪೂರ್ವ ಜರ್ಮನಿಯನ್ನು 2–1ರಿಂದ ಸೋಲಿಸಿತು. ಇದು ಈ ಸ್ಪರ್ಧೆಯಲ್ಲಿ ಐಸ್‌ಲ್ಯಾಂಡಿನ ಮೊದಲ ಗೆಲುವು. ಹಿಂದಿನ ವರ್ಷದ ವಿಶ್ವಕಪ್‌ನಲ್ಲಿ ಪೂರ್ವ ಜರ್ಮನಿಯು ಆತಿಥೇಯ ಪಶ್ಚಿಮ ಜರ್ಮನಿಯನ್ನು ಸೋಲಿಸಿತ್ತು ಎಂಬುದರಿಂದ ಈ ಫಲಿತಾಂಶದ ಮಹತ್ವ ತಿಳಿಯುತ್ತದೆ.

ಆದರೆ 1980ರ ಅರ್ಹತಾ ಸುತ್ತಿನಲ್ಲಿ ನೆದರ್ಲೆಂಡ್ಸ್, ಪೋಲೆಂಡ್, ಪೂರ್ವ ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ವಿರುದ್ಧದ ಎಂಟು ಪಂದ್ಯಗಳನ್ನೂ ತಂಡವು ಸೋತಿತು. 1984ರ ಆವೃತ್ತಿಯಲ್ಲಿ ಮಾಲ್ಟಾ ವಿರುದ್ಧ ಒಂದು ಗೆಲುವು ಮತ್ತು ನೆದರ್ಲೆಂಡ್ಸ್ ವಿರುದ್ಧ ತಾಯ್ನಾಡಿನಲ್ಲಿ 1–1ರ ಡ್ರಾ ದೊರೆತವು.

1988ರಿಂದ 2004ರವರೆಗೆ

1988ರ ಆವೃತ್ತಿಯ ಅರ್ಹತಾ ಸುತ್ತಿನಲ್ಲಿ, 1986ರ ಸೆಪ್ಟೆಂಬರ್ ತಿಂಗಳೊಂದರಲ್ಲೇ, ರೇಕ್ಯಾವಿಕ್‌ಗೆ ಬಂದ ಫ್ರಾನ್ಸ್ (0–0) ಮತ್ತು ಸೋವಿಯತ್ ಒಕ್ಕೂಟ (1–1) ಎರಡೂ ಗೆಲ್ಲಲಾಗದೆ ಹಿಂದಿರುಗಿದವು. ಫ್ರಾನ್ಸ್ ಆಗ ಹಾಲಿ ಯುರೋಪಿಯನ್ ಚಾಂಪಿಯನ್ ಆಗಿತ್ತು. ನಾರ್ವೆಯನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿದ ಐಸ್‌ಲ್ಯಾಂಡ್ ಗುಂಪಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಆದರೆ ಅದೇ ಅಭಿಯಾನದಲ್ಲಿ ಪೂರ್ವ ಜರ್ಮನಿಯು ರೇಕ್ಯಾವಿಕ್‌ನಲ್ಲಿ 6–0ರಿಂದ ಗೆದ್ದಿತು. 1992ರ ಆವೃತ್ತಿಯ ಅರ್ಹತಾ ಸುತ್ತಿನಲ್ಲಿ, 1991ರ ಸೆಪ್ಟೆಂಬರ್‌ನಲ್ಲಿ, ಸ್ಪೇನ್ ತಂಡವನ್ನು 2–0ರಿಂದ ಮಣಿಸಿದ್ದು ಈ ಅವಧಿಯ ದೊಡ್ಡ ಗೆಲುವು.

2000ದ ಆವೃತ್ತಿಯಲ್ಲಿ ಐಸ್‌ಲ್ಯಾಂಡ್ ಮೊದಲ ಬಾರಿಗೆ ಕೊನೆಯವರೆಗೂ ಪೈಪೋಟಿಯಲ್ಲಿತ್ತು. ಗುಡ್ಯೋನ್ ಥೋರ್ಡಾರ್ಸನ್ ತರಬೇತಿಯ ತಂಡವು 1998ರ ಸೆಪ್ಟೆಂಬರ್ 5ರಂದು, ಎರಡು ತಿಂಗಳ ಹಿಂದಷ್ಟೇ ವಿಶ್ವಕಪ್ ಗೆದ್ದಿದ್ದ ಫ್ರಾನ್ಸ್ ವಿರುದ್ಧ 1–1ರ ಡ್ರಾ ಸಾಧಿಸಿತು. ನಂತರ ರಷ್ಯಾವನ್ನು 1–0ರಿಂದ ಸೋಲಿಸಿತು. 1999ರ ಅಕ್ಟೋಬರ್‌ನಲ್ಲಿ ಫ್ರಾನ್ಸ್‌ನಲ್ಲಿ ನಡೆದ ಕೊನೆಯ ಪಂದ್ಯದಲ್ಲಿ 0–2ರ ಹಿನ್ನಡೆಯಿಂದ 2–2ರ ಸಮಬಲಕ್ಕೆ ಬಂದ ತಂಡವು ಅಂತಿಮವಾಗಿ 2–3ರಿಂದ ಸೋತಿತು. ಹತ್ತು ಪಂದ್ಯಗಳಲ್ಲಿ 15 ಅಂಕ ಗಳಿಸಿ ನಾಲ್ಕನೆಯ ಸ್ಥಾನ ಪಡೆಯಿತು.

2004ರ ಆವೃತ್ತಿಯಲ್ಲಿ ಪ್ಲೇ-ಆಫ್ ಸ್ಥಾನವು ಒಂದೇ ಅಂಕದಿಂದ ಕೈತಪ್ಪಿತು. 2003ರ ಸೆಪ್ಟೆಂಬರ್‌ನಲ್ಲಿ, ಹಿಂದಿನ ವಿಶ್ವಕಪ್‌ನ ಎರಡನೆಯ ಸ್ಥಾನಿ ಜರ್ಮನಿಯನ್ನು ರೇಕ್ಯಾವಿಕ್‌ನಲ್ಲಿ 0–0ಗೆ ತಡೆದ ಐಸ್‌ಲ್ಯಾಂಡ್, ಹ್ಯಾಂಬರ್ಗ್‌ನಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಅದೇ ತಂಡಕ್ಕೆ 0–3ರಿಂದ ಸೋತಿತು. ಗುಂಪಿನ ಎರಡನೆಯ ಸ್ಥಾನ 14 ಅಂಕಗಳ ಸ್ಕಾಟ್ಲೆಂಡ್‌ಗೆ ದೊರೆಯಿತು. ಐಸ್‌ಲ್ಯಾಂಡ್ 13 ಅಂಕಗಳೊಂದಿಗೆ ಮೂರನೆಯದಾಯಿತು.

2008 ಮತ್ತು 2012

ಈ ಎರಡು ಆವೃತ್ತಿಗಳಲ್ಲಿ ತಂಡವು ಮತ್ತೆ ಹಿನ್ನಡೆ ಕಂಡಿತು. 2008ರ ಅರ್ಹತಾ ಸುತ್ತಿನಲ್ಲಿ ಉತ್ತರ ಐರ್ಲೆಂಡ್ ತಂಡವನ್ನು ಎರಡು ಬಾರಿ ಸೋಲಿಸಿ, ಸ್ಪೇನ್ ವಿರುದ್ಧ 1–1ರ ಡ್ರಾ ಮಾಡಿಕೊಂಡರೂ, ತನಗಿಂತ ಬಹಳ ಚಿಕ್ಕದಾದ ಲಿಕ್ಟೆನ್‌ಸ್ಟೈನ್ ತಂಡಕ್ಕೆ 0–3ರಿಂದ ಸೋತಿತು. 2012ರ ಅರ್ಹತಾ ಸುತ್ತಿನ ಎಂಟು ಪಂದ್ಯಗಳಲ್ಲಿ ಸೈಪ್ರಸ್ ವಿರುದ್ಧದ 1–0ರ ಗೆಲುವೊಂದೇ ತಂಡಕ್ಕೆ ದಕ್ಕಿತು. 2012ರಲ್ಲಿ ಫಿಫಾ ಶ್ರೇಯಾಂಕದಲ್ಲಿ ಐಸ್‌ಲ್ಯಾಂಡ್ 131ನೇ ಸ್ಥಾನಕ್ಕೆ ಕುಸಿದಿತ್ತು.

ತಾಯ್ನಾಡಿನ ಮೈದಾನ ಮತ್ತು ಹೊರನಾಡಿನ ಪಂದ್ಯಗಳು

2012ರವರೆಗಿನ ದಾಖಲೆಯನ್ನು ಪರಿಶೀಲಿಸಿದಾಗ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಪ್ರಬಲ ತಂಡಗಳ ವಿರುದ್ಧ ಐಸ್‌ಲ್ಯಾಂಡ್ ಪಡೆದ ಉತ್ತಮ ಫಲಿತಾಂಶಗಳು ಬಹುಪಾಲು ರೇಕ್ಯಾವಿಕ್‌ನ ಲಾಯ್ಗಾರ್ಡಾಲ್ಸ್‌ವೋಲ್ಲುರ್ ಕ್ರೀಡಾಂಗಣದಲ್ಲಿ ಬಂದವು. 18 ಗೆಲುವುಗಳಲ್ಲಿ 13 ತಾಯ್ನಾಡಿನವು. ಹೊರನಾಡಿನಲ್ಲಿ ದೊರೆತ ಗೆಲುವುಗಳು ಐದೇ: ನಾರ್ವೆ (1987), ಅಂಡೋರಾ (1999), ಲಿಥುವೇನಿಯಾ ಮತ್ತು ಫರೋ ದ್ವೀಪಗಳು (2003) ಹಾಗೂ ಉತ್ತರ ಐರ್ಲೆಂಡ್ (2006). ದೊಡ್ಡ ತಂಡವನ್ನು ಒಮ್ಮೆ ತಡೆಯುವುದು ಐಸ್‌ಲ್ಯಾಂಡಿಗೆ ಸಾಧ್ಯವಿತ್ತು. ಆದರೆ ಇಡೀ ಅಭಿಯಾನದುದ್ದಕ್ಕೂ ಅಂಕಗಳನ್ನು ಕೂಡಿಹಾಕುವುದು ಸಾಧ್ಯವಾಗಿರಲಿಲ್ಲ. 2016ರ ಅರ್ಹತಾ ಸುತ್ತು ಹಿಂದಿನವುಗಳಿಗಿಂತ ಭಿನ್ನವಾದದ್ದು ಮುಖ್ಯವಾಗಿ ಇಲ್ಲಿಯೇ. ಆ ಒಂದೇ ಅಭಿಯಾನದಲ್ಲಿ ತಂಡವು ಹೊರನಾಡಿನಲ್ಲಿ ಮೂರು ಪಂದ್ಯಗಳನ್ನು ಗೆದ್ದಿತು.

ಬದಲಾವಣೆಯ ಕಾರಣಗಳು

ತಂಡದ ಏಳಿಗೆಗೆ ಸಾಮಾನ್ಯವಾಗಿ ಮೂರು ಕಾರಣಗಳನ್ನು ಗುರುತಿಸಲಾಗುತ್ತದೆ.

ಒಳಾಂಗಣ ಮೈದಾನಗಳು: 2000ದಲ್ಲಿ ಕೆಫ್ಲಾವಿಕ್ ಪ್ರದೇಶದಲ್ಲಿ ದೇಶದ ಮೊದಲ ಪೂರ್ಣ ಗಾತ್ರದ ಒಳಾಂಗಣ ಫುಟ್‌ಬಾಲ್ ಮೈದಾನ ಆರಂಭವಾಯಿತು. ನಂತರದ ವರ್ಷಗಳಲ್ಲಿ ಇತರ ಊರುಗಳಲ್ಲಿಯೂ ಇಂಥ ಮೈದಾನಗಳು ಮತ್ತು ಶಾಲೆಗಳ ಬಳಿ ಕೃತಕ ಹುಲ್ಲಿನ ಚಿಕ್ಕ ಅಂಕಣಗಳು ನಿರ್ಮಾಣವಾದವು. ಇದರಿಂದ ಮಕ್ಕಳು ವರ್ಷವಿಡೀ ಅಭ್ಯಾಸ ಮಾಡುವುದು ಸಾಧ್ಯವಾಯಿತು.

ತರಬೇತುದಾರರ ಶಿಕ್ಷಣ: ಫುಟ್‌ಬಾಲ್ ಸಂಸ್ಥೆಯು ನೂರಾರು ತರಬೇತುದಾರರಿಗೆ ಯುಇಎಫ್‌ಎ ಪರವಾನಗಿ ದೊರೆಯುವಂತೆ ಮಾಡಿತು. ಐಸ್‌ಲ್ಯಾಂಡಿನಲ್ಲಿ ಚಿಕ್ಕ ಮಕ್ಕಳಿಗೂ ಪರವಾನಗಿ ಪಡೆದ, ವೇತನ ಪಡೆಯುವ ತರಬೇತುದಾರರೇ ಆಟ ಕಲಿಸುವುದು ವಾಡಿಕೆ.

ಒಂದೇ ತಲೆಮಾರಿನ ಆಟಗಾರರು: ಈ ವ್ಯವಸ್ಥೆ ರೂಪುಗೊಳ್ಳುತ್ತಿದ್ದ ಕಾಲದಲ್ಲಿ ಬೆಳೆದ ಗಿಲ್ವಿ ಸಿಗುರ್ಡ್‌ಸನ್, ಆರನ್ ಗುನ್ನಾರ್ಸನ್, ಕೋಲ್ಬೈನ್ ಸಿಗ್ಥೋರ್ಸನ್, ಬಿರ್ಕಿರ್ ಬ್ಯಾರ್ನಸನ್ ಮೊದಲಾದವರು 21 ವರ್ಷದೊಳಗಿನವರ ತಂಡದಲ್ಲಿ ಒಟ್ಟಿಗೆ ಆಡಿದರು. ಆ ತಂಡವು 2010ರಲ್ಲಿ ಜರ್ಮನಿಯನ್ನು 4–1ರಿಂದ ಸೋಲಿಸಿ, 2011ರಲ್ಲಿ ಡೆನ್ಮಾರ್ಕ್‌ನಲ್ಲಿ ನಡೆದ 21 ವರ್ಷದೊಳಗಿನವರ ಯುರೋಪಿಯನ್ ಚಾಂಪಿಯನ್‌ಶಿಪ್‌ಗೆ ಅರ್ಹತೆ ಪಡೆಯಿತು.

2011ರ ಅಕ್ಟೋಬರ್‌ನಲ್ಲಿ ಸ್ವೀಡನ್‌ನ ಅನುಭವಿ ತರಬೇತುದಾರ ಲಾರ್ಸ್ ಲಾಗರ್‌ಬೆಕ್ ಅವರನ್ನು ಹಿರಿಯರ ತಂಡಕ್ಕೆ ನೇಮಿಸಲಾಯಿತು. ವೃತ್ತಿಯಿಂದ ದಂತವೈದ್ಯರಾಗಿದ್ದ ಹೈಮಿರ್ ಹಾಲ್‌ಗ್ರಿಮ್ಸನ್ ಅವರ ಸಹಾಯಕರಾದರು. 2014ರ ವಿಶ್ವಕಪ್‌ನ ಅರ್ಹತಾ ಪ್ಲೇ-ಆಫ್‌ನಲ್ಲಿ ತಂಡವು ಕ್ರೊಯೇಷಿಯಾ ಎದುರು ಸೋತ ನಂತರ ಇಬ್ಬರೂ ಸಮಾನ ಅಧಿಕಾರದ ಜಂಟಿ ತರಬೇತುದಾರರಾಗಿ ಮುಂದುವರಿದರು.

2016ರ ಅರ್ಹತಾ ಸುತ್ತು

ಐಸ್‌ಲ್ಯಾಂಡ್, ಜೆಕ್ ಗಣರಾಜ್ಯ, ಟರ್ಕಿ, ನೆದರ್ಲೆಂಡ್ಸ್, ಕಝಾಕಿಸ್ತಾನ್ ಮತ್ತು ಲಾಟ್ವಿಯಾ ಒಂದೇ ಗುಂಪಿನಲ್ಲಿದ್ದವು. ಮೊದಲ ಪಂದ್ಯದಲ್ಲಿ ಟರ್ಕಿಯನ್ನು 3–0ರಿಂದ ಸೋಲಿಸಿದ ಐಸ್‌ಲ್ಯಾಂಡ್, 2014ರ ಅಕ್ಟೋಬರ್ 13ರಂದು ಗಿಲ್ವಿ ಸಿಗುರ್ಡ್‌ಸನ್ ಅವರ ಎರಡು ಗೋಲುಗಳಿಂದ ನೆದರ್ಲೆಂಡ್ಸ್ ವಿರುದ್ಧ 2–0ರಿಂದ ಗೆದ್ದಿತು. ನೆದರ್ಲೆಂಡ್ಸ್ ಅದೇ ವರ್ಷದ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನ ಪಡೆದಿತ್ತು. 2015ರ ಸೆಪ್ಟೆಂಬರ್ 3ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿಯೂ ಸಿಗುರ್ಡ್‌ಸನ್ ಅವರ ಪೆನಾಲ್ಟಿ ಗೋಲಿನಿಂದ 1–0ರ ಗೆಲುವು ದೊರೆಯಿತು. ಮೂರು ದಿನಗಳ ನಂತರ ಕಝಾಕಿಸ್ತಾನ್ ವಿರುದ್ಧದ 0–0ರ ಡ್ರಾ, ಇನ್ನೂ ಎರಡು ಪಂದ್ಯಗಳು ಬಾಕಿ ಇರುವಾಗಲೇ ಅರ್ಹತೆಯನ್ನು ಖಚಿತಪಡಿಸಿತು.

ಈ ಆವೃತ್ತಿಯಿಂದ ಅಂತಿಮ ಹಂತದ ತಂಡಗಳ ಸಂಖ್ಯೆಯನ್ನು 16ರಿಂದ 24ಕ್ಕೆ ಹೆಚ್ಚಿಸಲಾಗಿತ್ತು. ಪ್ರತಿ ಗುಂಪಿನ ಮೊದಲ ಎರಡು ತಂಡಗಳು ನೇರ ಅರ್ಹತೆ ಪಡೆಯುತ್ತಿದ್ದುದರಿಂದ ಚಿಕ್ಕ ರಾಷ್ಟ್ರಗಳಿಗೆ ಅವಕಾಶ ಹೆಚ್ಚಿತ್ತು. ಹಿಂದಿನ ನಿಯಮದಂತೆ ಎರಡನೆಯ ಸ್ಥಾನದ ತಂಡಗಳು ಬಹುತೇಕ ಪ್ಲೇ-ಆಫ್ ಆಡಬೇಕಾಗುತ್ತಿತ್ತು. ಆದರೂ ಐಸ್‌ಲ್ಯಾಂಡ್ ಟರ್ಕಿ ಮತ್ತು ನೆದರ್ಲೆಂಡ್ಸ್‌ಗಳಿಗಿಂತ ಮೇಲೆ, 20 ಅಂಕಗಳೊಂದಿಗೆ ಎರಡನೆಯ ಸ್ಥಾನ ಪಡೆಯಿತು. ಗುಂಪಿನಲ್ಲಿ ನಾಲ್ಕನೆಯದಾದ ನೆದರ್ಲೆಂಡ್ಸ್ ವಿಸ್ತೃತ ಪಂದ್ಯಾವಳಿಗೂ ಅರ್ಹತೆ ಪಡೆಯಲಿಲ್ಲ.

ಯುರೋ 2016

ಗುಂಪು ಹಂತ

ಜೂನ್ 14ರಂದು ಸೇಂಟ್-ಎಟಿಯೆನ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಪೋರ್ಚುಗಲ್‌ನ ನಾನಿ 31ನೇ ನಿಮಿಷದಲ್ಲಿ ಗೋಲು ಗಳಿಸಿದರು. 50ನೇ ನಿಮಿಷದಲ್ಲಿ ಬಿರ್ಕಿರ್ ಬ್ಯಾರ್ನಸನ್ ಸಮಬಲ ತಂದರು. ಇದು ಯುರೋ ಅಂತಿಮ ಹಂತದಲ್ಲಿ ಐಸ್‌ಲ್ಯಾಂಡಿನ ಮೊದಲ ಗೋಲು. ಪಂದ್ಯ 1–1ರಲ್ಲಿ ಮುಗಿಯಿತು. ಜೂನ್ 18ರಂದು ಮಾರ್ಸೆಯಲ್ಲಿ ಹಂಗೇರಿ ವಿರುದ್ಧ ಸಿಗುರ್ಡ್‌ಸನ್ ಅವರ ಪೆನಾಲ್ಟಿಯಿಂದ ಮುನ್ನಡೆ ಪಡೆದ ತಂಡವು 88ನೇ ನಿಮಿಷದಲ್ಲಿ ಸ್ವಂತ ಗೋಲಿನಿಂದಾಗಿ ಮತ್ತೆ 1–1ರ ಡ್ರಾಗೆ ತೃಪ್ತಿಪಡಬೇಕಾಯಿತು.

ಜೂನ್ 22ರಂದು ಸೇಂಟ್-ಡೆನಿಯಲ್ಲಿ ಆಸ್ಟ್ರಿಯಾ ವಿರುದ್ಧ ಯೋನ್ ದಾದಿ ಬೋಡ್ವಾರ್ಸನ್ ಮೊದಲ ಗೋಲು ಗಳಿಸಿದರು. ಆಸ್ಟ್ರಿಯಾ ಒಂದು ಪೆನಾಲ್ಟಿಯನ್ನು ವ್ಯರ್ಥಗೊಳಿಸಿ, 60ನೇ ನಿಮಿಷದಲ್ಲಿ ಸಮಬಲ ಸಾಧಿಸಿತು. ಹೆಚ್ಚುವರಿ ಸಮಯದ ನಾಲ್ಕನೇ ನಿಮಿಷದಲ್ಲಿ, ಪಂದ್ಯದ ಕೊನೆಯ ಕ್ಷಣಗಳಲ್ಲಿ, ಬದಲಿ ಆಟಗಾರ ಆರ್ನೋರ್ ಇಂಗ್ವಿ ಟ್ರಾಯ್ಸ್ಟಸನ್ ಗೆಲುವಿನ ಗೋಲು ಗಳಿಸಿದರು. ಇದು ಅಂತಿಮ ಹಂತದಲ್ಲಿ ಐಸ್‌ಲ್ಯಾಂಡಿನ ಮೊದಲ ಗೆಲುವು.

ಈ ಗೋಲಿನ ಪರಿಣಾಮ ಇಡೀ ಪಂದ್ಯಾವಳಿಯ ಮೇಲಾಯಿತು. ಪಂದ್ಯ ಡ್ರಾ ಆಗಿದ್ದರೆ ಪೋರ್ಚುಗಲ್ ಮತ್ತು ಐಸ್‌ಲ್ಯಾಂಡ್ ತಲಾ ಮೂರು ಅಂಕ ಪಡೆದು, ಹೆಚ್ಚು ಗೋಲು ಗಳಿಸಿದ್ದ ಪೋರ್ಚುಗಲ್ ಎರಡನೆಯ ಸ್ಥಾನಕ್ಕೇರಿ ಇಂಗ್ಲೆಂಡ್ ಅನ್ನು ಎದುರಿಸಬೇಕಿತ್ತು. ಗೋಲಿನಿಂದಾಗಿ ಐಸ್‌ಲ್ಯಾಂಡ್ ಎರಡನೆಯದಾಗಿ ಇಂಗ್ಲೆಂಡ್ ಎದುರಿಗೆ ಬಂತು. ಮೂರನೆಯ ಸ್ಥಾನಕ್ಕಿಳಿದ ಪೋರ್ಚುಗಲ್ ವೇಳಾಪಟ್ಟಿಯ ಇನ್ನೊಂದು ಬದಿಗೆ ಸೇರಿ ಕೊನೆಗೆ ಚಾಂಪಿಯನ್ ಆಯಿತು.

ಇಂಗ್ಲೆಂಡ್ ವಿರುದ್ಧದ ಪಂದ್ಯ

ಹದಿನಾರರ ಸುತ್ತಿನ ಪಂದ್ಯ ಜೂನ್ 27ರಂದು ನೀಸ್ ನಗರದಲ್ಲಿ ನಡೆಯಿತು. 4ನೇ ನಿಮಿಷದಲ್ಲಿ ವೇಯ್ನ್ ರೂನಿ ಪೆನಾಲ್ಟಿಯಿಂದ ಇಂಗ್ಲೆಂಡ್‌ಗೆ ಮುನ್ನಡೆ ಒದಗಿಸಿದರು. ಎರಡೇ ನಿಮಿಷಗಳಲ್ಲಿ ಐಸ್‌ಲ್ಯಾಂಡ್ ಉತ್ತರಿಸಿತು: ನಾಯಕ ಆರನ್ ಗುನ್ನಾರ್ಸನ್ ಅವರ ದೂರದ ಥ್ರೋ-ಇನ್ ಅನ್ನು ಕಾರಿ ಆರ್ನಸನ್ ತಲೆಯಿಂದ ಮುಂದಕ್ಕೆ ತಳ್ಳಿದರು, ರಾಗ್ನಾರ್ ಸಿಗುರ್ಡ್‌ಸನ್ ಅದನ್ನು ಗೋಲಾಗಿಸಿದರು. 18ನೇ ನಿಮಿಷದಲ್ಲಿ ಕೋಲ್ಬೈನ್ ಸಿಗ್ಥೋರ್ಸನ್ ಎರಡನೆಯ ಗೋಲು ಗಳಿಸಿದರು. ಉಳಿದ ಎಪ್ಪತ್ತಕ್ಕೂ ಹೆಚ್ಚು ನಿಮಿಷಗಳ ಕಾಲ ಐಸ್‌ಲ್ಯಾಂಡಿನ ರಕ್ಷಣಾ ವಿಭಾಗ ಈ ಮುನ್ನಡೆಯನ್ನು ಕಾಪಾಡಿಕೊಂಡು 2–1ರ ಜಯ ತಂದಿತು. ಪಂದ್ಯ ಮುಗಿದ ಕೂಡಲೇ ಇಂಗ್ಲೆಂಡ್ ತರಬೇತುದಾರ ರಾಯ್ ಹಾಡ್ಜ್‌ಸನ್ ರಾಜೀನಾಮೆ ನೀಡಿದರು.

ಕ್ವಾರ್ಟರ್ ಫೈನಲ್

ಜುಲೈ 3ರಂದು ಸೇಂಟ್-ಡೆನಿಯಲ್ಲಿ ಆತಿಥೇಯ ಫ್ರಾನ್ಸ್ ಮೊದಲಾರ್ಧದಲ್ಲೇ 4–0ರ ಮುನ್ನಡೆ ಪಡೆಯಿತು. ದ್ವಿತೀಯಾರ್ಧದಲ್ಲಿ ಸಿಗ್ಥೋರ್ಸನ್ ಮತ್ತು ಬ್ಯಾರ್ನಸನ್ ತಲಾ ಒಂದು ಗೋಲು ಗಳಿಸಿದರು; ಪಂದ್ಯ 5–2ರಲ್ಲಿ ಮುಗಿಯಿತು. ಐದೂ ಪಂದ್ಯಗಳನ್ನು ಐಸ್‌ಲ್ಯಾಂಡ್ ಒಂದೇ ಹನ್ನೊಂದು ಮಂದಿ ಆಟಗಾರರೊಂದಿಗೆ ಆರಂಭಿಸಿತ್ತು. ದೇಶದ ಹಿರಿಯ ಆಟಗಾರ, 37 ವರ್ಷದ ಐಡುರ್ ಗುಡ್‌ಜಾನ್ಸನ್ ಬದಲಿ ಆಟಗಾರನಾಗಿ ಕಣಕ್ಕಿಳಿದರು. 1996ರಲ್ಲಿ ಎಸ್ಟೋನಿಯಾ ವಿರುದ್ಧದ ಸೌಹಾರ್ದ ಪಂದ್ಯದಲ್ಲಿ ತಂದೆ ಆರ್ನೋರ್ ಅವರ ಬದಲಿಗೆ ಮೈದಾನಕ್ಕಿಳಿದು ರಾಷ್ಟ್ರೀಯ ತಂಡ ಸೇರಿದ್ದ ಅವರಿಗೆ ಇದು ಏಕೈಕ ಯುರೋ ಆಗಿತ್ತು.

ಕೈಗಳನ್ನು ಮೇಲೆತ್ತಿ, ನಿಧಾನವಾಗಿ ಆರಂಭಿಸಿ ಕ್ರಮೇಣ ವೇಗ ಹೆಚ್ಚಿಸುತ್ತಾ ಹೋಗುವ ಐಸ್‌ಲ್ಯಾಂಡ್ ಅಭಿಮಾನಿಗಳ ಚಪ್ಪಾಳೆಯು ಈ ಪಂದ್ಯಾವಳಿಯಿಂದ 'ವೈಕಿಂಗ್ ಚಪ್ಪಾಳೆ' ಎಂದು ವಿಶ್ವದಾದ್ಯಂತ ಹೆಸರಾಯಿತು. ತಂಡವು ಸ್ವದೇಶಕ್ಕೆ ಮರಳಿದಾಗ ರೇಕ್ಯಾವಿಕ್‌ನಲ್ಲಿ ಸಾವಿರಾರು ಜನರು ಅದೇ ಚಪ್ಪಾಳೆಯೊಂದಿಗೆ ಸ್ವಾಗತಿಸಿದರು.

2016ರ ನಂತರ

ಲಾಗರ್‌ಬೆಕ್ ನಿರ್ಗಮಿಸಿದ ಬಳಿಕ ಹಾಲ್‌ಗ್ರಿಮ್ಸನ್ ಏಕೈಕ ತರಬೇತುದಾರರಾಗಿ ತಂಡವನ್ನು 2018ರ ವಿಶ್ವಕಪ್‌ಗೆ ಕೊಂಡೊಯ್ದರು. ಅಲ್ಲಿಯೂ ಐಸ್‌ಲ್ಯಾಂಡ್, ಅದುವರೆಗೆ ವಿಶ್ವಕಪ್ ಆಡಿದ ಅತ್ಯಂತ ಕಡಿಮೆ ಜನಸಂಖ್ಯೆಯ ರಾಷ್ಟ್ರ ಎನಿಸಿತು.

2020ರ ಯುರೋ ಅರ್ಹತಾ ಸುತ್ತಿನಲ್ಲಿ ಸ್ವೀಡನ್‌ನ ಎರಿಕ್ ಹಮ್ರೇನ್ ತರಬೇತಿಯ ತಂಡವು 19 ಅಂಕ ಗಳಿಸಿ ಫ್ರಾನ್ಸ್ ಮತ್ತು ಟರ್ಕಿಗಳ ನಂತರ ಮೂರನೆಯದಾಯಿತು. ಪ್ಲೇ-ಆಫ್‌ನಲ್ಲಿ ರೊಮೇನಿಯಾವನ್ನು 2–1ರಿಂದ ಸೋಲಿಸಿತು. 2020ರ ನವೆಂಬರ್ 12ರಂದು ಬುಡಾಪೆಸ್ಟ್‌ನಲ್ಲಿ ಹಂಗೇರಿ ವಿರುದ್ಧ 88ನೇ ನಿಮಿಷದವರೆಗೆ 1–0ರ ಮುನ್ನಡೆಯಲ್ಲಿದ್ದ ತಂಡವು ಕೊನೆಯ ನಿಮಿಷಗಳಲ್ಲಿ ಎರಡು ಗೋಲು ಬಿಟ್ಟುಕೊಟ್ಟು 1–2ರಿಂದ ಸೋತಿತು.

2024ರ ಅರ್ಹತಾ ಸುತ್ತಿನ ಗುಂಪಿನಲ್ಲಿ ತಂಡವು 10 ಅಂಕಗಳೊಂದಿಗೆ ನಾಲ್ಕನೆಯದಾಯಿತು. ಆದರೆ ನೇಷನ್ಸ್ ಲೀಗ್‌ನ ಸಾಧನೆಯ ಆಧಾರದ ಮೇಲೆ ಪ್ಲೇ-ಆಫ್ ಅವಕಾಶ ದೊರೆಯಿತು. 2024ರ ಮಾರ್ಚ್ 21ರಂದು ಆಲ್ಬರ್ಟ್ ಗುಡ್ಮುಂಡ್ಸನ್ ಅವರ ಹ್ಯಾಟ್ರಿಕ್‌ನಿಂದ ಇಸ್ರೇಲ್ ವಿರುದ್ಧ 4–1ರಿಂದ ಗೆದ್ದ ತಂಡವು, ಮಾರ್ಚ್ 26ರಂದು ಪೋಲೆಂಡ್‌ನ ವ್ರೊಟ್ಸ್ವಾಫ್‌ನಲ್ಲಿ ಉಕ್ರೇನ್ ಎದುರು ಮುನ್ನಡೆ ಪಡೆದೂ 1–2ರಿಂದ ಸೋತಿತು. ಉಕ್ರೇನ್‌ನ ಗೆಲುವಿನ ಗೋಲು 84ನೇ ನಿಮಿಷದಲ್ಲಿ ಬಂದಿತು.

ಅಂಕಿಅಂಶಗಳು

ಅರ್ಹತಾ ಸುತ್ತುಗಳು (2020 ಮತ್ತು 2024ರಲ್ಲಿ ಪ್ಲೇ-ಆಫ್ ಸೇರಿ)

| ಆವೃತ್ತಿ | ಪಂದ್ಯ | ಗೆಲುವು | ಡ್ರಾ | ಸೋಲು | ಗೋಲುಗಳು (ಪರ–ವಿರುದ್ಧ) |
|---|---|---|---|---|---|
| 1964 | 2 | 0 | 1 | 1 | 3–5 |
| 1976 | 6 | 1 | 2 | 3 | 3–8 |
| 1980 | 8 | 0 | 0 | 8 | 2–21 |
| 1984 | 8 | 1 | 1 | 6 | 3–13 |
| 1988 | 8 | 2 | 2 | 4 | 4–14 |
| 1992 | 8 | 2 | 0 | 6 | 7–10 |
| 1996 | 8 | 1 | 2 | 5 | 3–12 |
| 2000 | 10 | 4 | 3 | 3 | 12–7 |
| 2004 | 8 | 4 | 1 | 3 | 11–9 |
| 2008 | 12 | 2 | 2 | 8 | 10–27 |
| 2012 | 8 | 1 | 1 | 6 | 6–14 |
| 2016 | 10 | 6 | 2 | 2 | 17–6 |
| 2020 | 12 | 7 | 1 | 4 | 17–14 |
| 2024 | 12 | 4 | 1 | 7 | 22–19 |
| ಒಟ್ಟು | 120 | 35 | 19 | 66 | 120–179 |

ಅಂತಿಮ ಹಂತದ ಪಂದ್ಯಗಳು (2016)

| ಹಂತ | ಎದುರಾಳಿ | ಫಲಿತಾಂಶ |
|---|---|---|
| ಗುಂಪು | ಪೋರ್ಚುಗಲ್ | 1–1 ಡ್ರಾ |
| ಗುಂಪು | ಹಂಗೇರಿ | 1–1 ಡ್ರಾ |
| ಗುಂಪು | ಆಸ್ಟ್ರಿಯಾ | 2–1 ಗೆಲುವು |
| ಹದಿನಾರರ ಸುತ್ತು | ಇಂಗ್ಲೆಂಡ್ | 2–1 ಗೆಲುವು |
| ಕ್ವಾರ್ಟರ್ ಫೈನಲ್ | ಫ್ರಾನ್ಸ್ | 2–5 ಸೋಲು |

ಅಂತಿಮ ಹಂತದಲ್ಲಿ ಗಳಿಸಿದ ಎಂಟು ಗೋಲುಗಳಲ್ಲಿ ಬಿರ್ಕಿರ್ ಬ್ಯಾರ್ನಸನ್ ಮತ್ತು ಕೋಲ್ಬೈನ್ ಸಿಗ್ಥೋರ್ಸನ್ ತಲಾ ಎರಡು, ಗಿಲ್ವಿ ಸಿಗುರ್ಡ್‌ಸನ್, ರಾಗ್ನಾರ್ ಸಿಗುರ್ಡ್‌ಸನ್, ಯೋನ್ ದಾದಿ ಬೋಡ್ವಾರ್ಸನ್ ಮತ್ತು ಆರ್ನೋರ್ ಇಂಗ್ವಿ ಟ್ರಾಯ್ಸ್ಟಸನ್ ತಲಾ ಒಂದು ಗೋಲು ಗಳಿಸಿದರು.

ಮಹಿಳೆಯರ ತಂಡ

ಐಸ್‌ಲ್ಯಾಂಡಿನ ಮಹಿಳೆಯರ ತಂಡವು ಪುರುಷರಿಗಿಂತ ಏಳು ವರ್ಷ ಮೊದಲೇ, 2009ರಲ್ಲಿ ಫಿನ್ಲೆಂಡ್‌ನಲ್ಲಿ ನಡೆದ ಮಹಿಳೆಯರ ಯುರೋಪಿಯನ್ ಚಾಂಪಿಯನ್‌ಶಿಪ್‌ನ ಅಂತಿಮ ಹಂತದಲ್ಲಿ ಆಡಿತು. 2013ರಲ್ಲಿ ಕ್ವಾರ್ಟರ್ ಫೈನಲ್ ತಲುಪಿತು. 2017, 2022 ಮತ್ತು 2025ರ ಆವೃತ್ತಿಗಳಿಗೂ ಅರ್ಹತೆ ಪಡೆದ ಈ ತಂಡವು ಖಂಡದ ಚಾಂಪಿಯನ್‌ಶಿಪ್‌ನಲ್ಲಿ ಪುರುಷರ ತಂಡಕ್ಕಿಂತ ಹೆಚ್ಚು ನಿರಂತರವಾದ ದಾಖಲೆಯನ್ನು ಹೊಂದಿದೆ.